ಗ್ರೈಂಡರ್ ಕೆತ್ತನೆ ನೋಡುವವರಿಗೆ

ಮರದ ಶಿಲ್ಪದ ಮುಂದೆ ನಿಂತವರು ಕೇಳುವ ಮೊದಲ ಪ್ರಶ್ನೆ: ‘ಕೈಯಲ್ಲಿ ಮಾಡಿದ್ದೋ, ಮಷಿನ್ನಿನಲ್ಲೋ?’ ಮಷಿನ್ ಅಂದರೆ ಮುಖ ಸಪ್ಪಗಾಗುತ್ತದೆ. ಅದೇ ಮಹನೀಯರು ಮನೆಯ ದೇವರಕೋಣೆಗೆ ಸಿಎನ್‌ಸಿಯಲ್ಲಿ ಕೊರೆಸಿದ ಬಾಗಿಲು ಹಾಕಿಸುತ್ತಾರೆ. ಅದರಲ್ಲಿರುವ ಗಣಪತಿಯೇ ಪಕ್ಕದ ಬೀದಿಯ ಬಾಗಿಲುಗಳಲ್ಲೂ ಕೂತಿರುತ್ತಾನೆ, ಸೊಂಡಿಲ ಸುರುಳಿ ಒಂದು ಕೂದಲೆಳೆಯೂ ಆಚೀಚೆ ಆಗಿರುವುದಿಲ್ಲ. ಕಂಪ್ಯೂಟರ್ ಫೈಲು ಕೊರೆದದ್ದಕ್ಕೂ, ಮನುಷ್ಯನೊಬ್ಬ ರಟ್ಟೆ ನೋಯಿಸಿಕೊಂಡು ಗ್ರೈಂಡರಿನಲ್ಲಿ ಕೆತ್ತಿದ್ದಕ್ಕೂ ಒಂದೇ ಹಣೆಪಟ್ಟಿ. ಇವರನ್ನು ತಿದ್ದುವ ಆಸೆ ನನಗಿಲ್ಲ. ಕಣ್ಣು ಪಳಗಿಸಿಕೊಳ್ಳುವ ಮನಸ್ಸಿದ್ದವರು ಮುಂದೆ ಓದಿ.

ಆಂಗಲ್ ಗ್ರೈಂಡರ್ ಯಾವುದೆಂದು ವಿವರಿಸಬೇಕಿಲ್ಲ. ವೆಲ್ಡಿಂಗ್ ಶಾಪಿನಲ್ಲಿ ಕಿಡಿ ಹಾರಿಸುವುದು ಅದೇ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಕೆವಿನ್ ಇಂಕ್‌ಸ್ಟರ್ ಎಂಬವರು ಚೈನ್‌ಸಾದ ಸರಪಳಿಯನ್ನು ಗ್ರೈಂಡರಿನ ಡಿಸ್ಕಿಗೆ ಸುತ್ತಿ ಅದನ್ನು ಮರಕ್ಕೆ ತಂದರು. ಆರ್ಬರ್‌ಟೆಕ್ ಕಂಪನಿ ಹುಟ್ಟಿದ್ದು ಹಾಗೆ. ಈಗ ಕಾರ್ಬೈಡ್ ಮುಳ್ಳಿನದು, ಮೂರು ಅಲಗಿನದು ಎಂದು ಡಿಸ್ಕುಗಳು ಬಗೆಬಗೆ. ನಾಲ್ಕಿಂಚಿನ ಡಿಸ್ಕು ನಿಮಿಷಕ್ಕೆ 11,000 ಸುತ್ತು ತಿರುಗಿದರೆ ಅದರ ಅಂಚು ಗಂಟೆಗೆ 200 ಕಿಲೋಮೀಟರ್ ಮೀರಿದ ವೇಗದಲ್ಲಿ ಓಡುತ್ತಿರುತ್ತದೆ.

ಈ ವೇಗದಿಂದಾಗಿ ಏನಾಯಿತು ಎಂಬುದೇ ಮುಖ್ಯ. ಉಳಿಗೆ ನಾರಿನ ಹೆದರಿಕೆ ಇದೆ. ನಾರಿಗೆ ಎದುರಾಗಿ ಹೊಡೆದರೆ ಸಿಬಿರೇಳುತ್ತದೆ, ಬೇಡದ ಕಡೆ ಚಕ್ಕೆ ಕಿತ್ತು ಬರುತ್ತದೆ. ಹಾಗಾಗಿ ಉಳಿ ಹಿಡಿದವನು ಇಷ್ಟವಿರಲಿ ಬಿಡಲಿ ನಾರಿನ ದಾರಿ ನೋಡಿಕೊಂಡೇ ನಡೆಯಬೇಕು. ಗ್ರೈಂಡರಿಗೆ ಆ ಹಂಗಿಲ್ಲ. ಉದ್ದ, ಅಡ್ಡ, ಎದುರು, ಗಂಟು ಎಲ್ಲವೂ ಅದಕ್ಕೆ ಒಂದೇ. ಅಂದಮೇಲೆ ನಾರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೋ ಬೇಡವೋ ಎಂಬುದು ಪೂರಾ ಕೆತ್ತುವವನ ಮರ್ಜಿ. ಈ ಕಲೆಯಲ್ಲಿ ರಸ ಅಂತ ಇದ್ದರೆ ಆ ಮರ್ಜಿಯಲ್ಲಿದೆ.

ದಿಮ್ಮಿಯೊಳಗೆ ಬೆಳವಣಿಗೆಯ ಉಂಗುರಗಳು ಪದರ ಪದರವಾಗಿರುತ್ತವೆ. ಸೀಳಿದ ಹಲಗೆಯಲ್ಲಿ ಅವು ಬರೀ ಗೆರೆಗಳು. ಗುಂಡಗೆ ಕೆತ್ತಿದಾಗ, ಈರುಳ್ಳಿಯ ಪಕ್ಕವನ್ನು ಓರೆಯಾಗಿ ಕೊಯ್ದಂತೆ, ಒಂದರೊಳಗೊಂದು ಅಂಡಾಕಾರಗಳು ಬಿಚ್ಚಿಕೊಳ್ಳುತ್ತವೆ. ಉಬ್ಬಿನ ನೆತ್ತಿಯೂ ಅಂಡಾಕಾರದ ನಡುವೂ ಒಂದೇ ಕಡೆ ಕೂತರೆ ಉಬ್ಬು ಇನ್ನಷ್ಟು ತುಂಬಿಕೊಂಡಂತೆ ಕಾಣುತ್ತದೆ. ಎರಡು ಬೆರಳು ಪಕ್ಕಕ್ಕೆ ಸರಿದರೆ ಭುಜ ಜಾರುತ್ತದೆ, ಕೆನ್ನೆ ಬಾತುಕೊಳ್ಳುತ್ತದೆ. ಆಕಾರ ಸರಿಯಾಗಿಯೇ ಇದ್ದರೂ ಏನೋ ಎಡವಟ್ಟಾಗಿದೆ ಎನ್ನಿಸುವುದು ಇದಕ್ಕೇ.

ನನ್ನ ಕಣ್ಣು ತೆರೆದದ್ದು ಸಾಗರದ ಕಡೆಯ ಒಂದು ಶೆಡ್ಡಿನಲ್ಲಿ. ಗುಡಿಗಾರರ ಗಂಧದ ಕೆಲಸ ನೋಡಿ ಬರುತ್ತಿದ್ದೆ, ಗ್ರೈಂಡರಿನ ಕರ್ಕಶ ಸದ್ದಿಗೆ ಸಿಡಿಮಿಡಿಗೊಂಡು ಒಳಗೆ ಇಣುಕಿದೆ. ಒಬ್ಬಾತ ತೇಗದ ಬೊಡ್ಡೆಯಲ್ಲಿ ಮಲಗಿದ ಎಮ್ಮೆ ಕೆತ್ತುತ್ತಿದ್ದ. ನಾಲ್ಕು ಸಲ ಎಳೆಯುವುದು, ಮಷಿನ್ ಆಫ್ ಮಾಡುವುದು, ಒದ್ದೆ ಬಟ್ಟೆಯಿಂದ ಒರೆಸುವುದು. ನೀರು ತಾಗಿದ ಕೂಡಲೇ ಉಂಗುರಗಳು ಕಪ್ಪಗೆ ಎದ್ದು ಬರುತ್ತಿದ್ದವು. ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕಿ ಮತ್ತೆ ಸ್ವಿಚ್ಚು. ಪಕ್ಕದಲ್ಲಿ ಅಂಟಿಸಿದ್ದ ನಕ್ಷೆಯಲ್ಲಿ ಹೊಟ್ಟೆಯ ಉಬ್ಬು ಹಿಂದಕ್ಕಿತ್ತು, ಮರದಲ್ಲಿ ಮುಂದಕ್ಕೆ ಬಂದಿತ್ತು. ಕೇಳಿದ್ದಕ್ಕೆ, ‘ಉಂಗುರ ಇಲ್ಲಿ ಬಂತು. ಎಮ್ಮೆ ಗಬ್ಬ ಆದ ಹಂಗೆ ಕಾಣ್ತದೆ, ಇರ್ಲಿ ಬಿಡಿ ಮಾರಾಯ್ರೆ’ ಅಂದ. ಆಮೇಲೆ ಎಷ್ಟೋ ಪ್ರದರ್ಶನ, ಶಿಬಿರ ನೋಡಿದ್ದೇನೆ. ಒದ್ದೆ ಬಟ್ಟೆ ಇಟ್ಟುಕೊಂಡವರು ಕಡಿಮೆ, ರೀಲ್ಸ್‌ಗೆ ಮೊಬೈಲ್ ಸ್ಟ್ಯಾಂಡ್ ಇಟ್ಟುಕೊಂಡವರೇ ಹೆಚ್ಚು.

ಯಂತ್ರದಲ್ಲಿ ಕೆತ್ತಿದ ಎರಡು ಹೊರದೇಶದ ಉದಾಹರಣೆ ನೋಡಿ. ಅಮೆರಿಕದ ಶಿಲ್ಪಿ ವೆಂಡೆಲ್ ಕ್ಯಾಸಲ್ 1960ರ ದಶಕದಲ್ಲೇ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ ದಪ್ಪ ದಿಮ್ಮಿ ಮಾಡಿ, ಅದನ್ನು ಯಂತ್ರಗಳಲ್ಲಿ ಕೆತ್ತಿ ಕುರ್ಚಿ ಮೇಜು ಮಾಡಿದರು. ಅಲ್ಲಿ ಉಂಗುರಗಳ ಕೆಲಸವನ್ನು ಅಂಟಿನ ಗೆರೆಗಳು ಮಾಡುತ್ತವೆ. ಫೋಟೋ ಸಿಕ್ಕರೆ ಆ ಗೆರೆಗಳನ್ನಷ್ಟೇ ಬೆರಳಲ್ಲಿ ಹಿಂಬಾಲಿಸಿ. ಕ್ಯಾಲಿಫೋರ್ನಿಯಾದ ಜೆ. ಬಿ. ಬ್ಲಂಕ್ 1969ರಲ್ಲಿ ರೆಡ್‌ವುಡ್ ಮರದ ಒಂದೇ ಭಾರೀ ಗಂಟಿನಿಂದ ಸುಮಾರು 13 ಅಡಿ ಅಗಲದ ‘ದಿ ಪ್ಲಾನೆಟ್’ ತೆಗೆದರು. ಓಕ್‌ಲ್ಯಾಂಡಿನ ಮ್ಯೂಸಿಯಮ್ಮಿನಲ್ಲಿರುವ ಅದರ ಮೇಲೆ ಜನ ಕೂರುತ್ತಾರೆ. ಬ್ಲಂಕ್ ಹಿಡಿದದ್ದು ಚೈನ್‌ಸಾ, ಗ್ರೈಂಡರಿನ ದೊಡ್ಡಣ್ಣ. ಗಂಟಿನಲ್ಲಿ ನಾರು ಸುತ್ತಿಕೊಂಡಿರುತ್ತದೆ, ಉಳಿಗೆ ಹೆಜ್ಜೆಹೆಜ್ಜೆಗೂ ಜಗಳ. ಮೋಟರಿನ ಬಲ ಸಾರ್ಥಕವಾಗುವುದು ಇಂಥಲ್ಲಿ. ದಿಮ್ಮಿಯನ್ನು ಕುದುರೆ ತಲೆ ಮಾಡುವುದಕ್ಕಲ್ಲ.

ಮೇಲ್ಮೈಯ ಪರೀಕ್ಷೆ ಸುಲಭ. ಮೊಬೈಲ್ ಟಾರ್ಚನ್ನು ಶಿಲ್ಪಕ್ಕೆ ಒರಗಿಸಿದ ಹಾಗೆ ಅಡ್ಡ ಹಿಡಿಯಿರಿ. ನೆಟ್ಟನೆ ಬೆಳಕಿನಲ್ಲಿ ಕನ್ನಡಿಯಂತಿದ್ದದ್ದರಲ್ಲಿ ಸಣ್ಣ ಅಲೆಗಳು ಕಾಣುತ್ತವೆ. ಮರಳುಕಾಗದದ ಪಟ್ಟಿಗಳಿರುವ ಫ್ಲಾಪ್ ಡಿಸ್ಕನ್ನು ಒತ್ತಿ ಹಿಡಿದಾಗ ಉಂಗುರದ ಮೆದು ಭಾಗ ಬೇಗ ಸವೆದು, ಗಟ್ಟಿ ಭಾಗ ದಿಂಡಾಗಿ ಉಳಿದದ್ದು ಅದು. ಅಲ್ಲಲ್ಲಿ ಕಂದುಕಪ್ಪು ಕಲೆ ಇದ್ದರೆ ಹಲ್ಲು ಮೊಂಡಾದ ಡಿಸ್ಕಿನಲ್ಲಿ ತಿಕ್ಕಿ ಸುಟ್ಟದ್ದು. ಮಾರುವವರು ಅದನ್ನು ‘ಆಂಟಿಕ್ ಫಿನಿಷ್’ ಅನ್ನುತ್ತಾರೆ. ಬೇಕೆಂದೇ ಉಳಿಸಿದ ಡಿಸ್ಕಿನ ಗುರುತು ಬೇರೆ. ಅದು ಆಕಾರದ ಜೊತೆ ತಿರುಗುತ್ತದೆ, ಎಲ್ಲಿ ಬೇಕೋ ಅಲ್ಲಿ ನಿಲ್ಲುತ್ತದೆ.

ಕೆತ್ತುವಾಗ ನೋಡುವ ಅವಕಾಶ ಸಿಕ್ಕರೆ ಕಿವಿಯನ್ನೂ ಬಳಸಿ. ಮೋಟರಿನ ದನಿ ಪದೇಪದೇ ಕುಸಿಯುತ್ತಿದ್ದರೆ ಆಸಾಮಿ ಒತ್ತುತ್ತಿದ್ದಾನೆ. ಬಲ್ಲವನು ಡಿಸ್ಕನ್ನು ತೇಲಿಸುತ್ತಾನೆ, ದನಿ ಸುಮಾರಾಗಿ ಒಂದೇ ಮಟ್ಟದಲ್ಲಿರುತ್ತದೆ. ಡಿಸ್ಕು ತಿರುಗುವ ನೇರಕ್ಕೆ ಮಾತ್ರ ನಿಲ್ಲಬೇಡಿ, ಸರಪಳಿ ಡಿಸ್ಕು ಒಮ್ಮೊಮ್ಮೆ ಎಗರುತ್ತದೆ. ತೇಗ, ಬೀಟೆಯ ಧೂಳಿಗೆ ಮಾಸ್ಕ್ ಬೇಕು.



ಕೊಳ್ಳುವ ಮೊದಲು ಶಿಲ್ಪವನ್ನು ತಿರುಗಿಸಿ ಬೆನ್ನು, ಬುಡ ನೋಡಿ. ಮುಂದಿನ ಉಂಗುರಗಳು ಹಿಂದಕ್ಕೆ ಹೇಗೆ ಸುತ್ತಿ ಬರುತ್ತವೆ ಎಂಬುದು ಅಲ್ಲಿ ಗೊತ್ತಾಗುತ್ತದೆ. ಬುಡಕ್ಕೆ ದಪ್ಪ ಬಣ್ಣ ಬಳಿದಿದ್ದರೆ ಮರ ಯಾವುದೆಂದು ಕೇಳಿ. ಉತ್ತರ ತಡವರಿಸಿದರೆ ಚೌಕಾಸಿಗೂ ನಿಲ್ಲದೆ ಮುಂದಿನ ಮಳಿಗೆಗೆ ಹೋಗಿ.