ಒಂದೇ ಅವಕಾಶದ ಪರೀಕ್ಷೆಗೆ ಎಂಥ ತಯಾರಿ?

ದಾವಣಗೆರೆಯ ಪಿಯು ವಿದ್ಯಾರ್ಥಿಗೆ ನೀಟ್‌ನಲ್ಲಿ ಅಂಕ ಕಡಿಮೆ ಬಂದರೆ ಮುಂದಿನ ವರ್ಷ ಮತ್ತೆ ಬರೆಯಬಹುದು. ಊರಿನ ಕೋಚಿಂಗ್ ಲೋಕ ನಿಂತಿರುವುದೇ ಈ ಎರಡನೇ ಅವಕಾಶದ ಮೇಲೆ. ವಾಯುಪಡೆಯ ಪೈಲಟ್ ಆಗಲು ಹೊರಟವರಿಗೆ ಅದಿಲ್ಲ. ಮೈಸೂರಿನ ವಾಯುಪಡೆ ಆಯ್ಕೆ ಮಂಡಳಿಯಲ್ಲಿ ನಡೆಯುವ ಕಂಪ್ಯೂಟರೀಕೃತ ಪೈಲಟ್ ಆಯ್ಕೆ ಪರೀಕ್ಷೆಯಲ್ಲಿ, ಅಂದರೆ ಸಿಪಿಎಸ್‌ಎಸ್‌ನಲ್ಲಿ ಒಮ್ಮೆ ಅನುತ್ತೀರ್ಣರಾದರೆ ಫ್ಲೈಯಿಂಗ್ ಶಾಖೆಯ ಬಾಗಿಲು ಕಾಯಂ ಮುಚ್ಚಿದಂತೆ. ಅಕಾಡೆಮಿ ಸೇರಿದ ಮೇಲೆ ಹಾರಾಟ ತರಬೇತಿಯಿಂದ ಕೈಬಿಟ್ಟವರಿಗೂ ಇದೇ ನಿಯಮ.

ಈ ಪರೀಕ್ಷೆಯ ಹಳೆಯ ರೂಪವನ್ನು ಪಿಎಬಿಟಿ ಎನ್ನುತ್ತಿದ್ದರು. ಅದರ ಒಂದು ಭಾಗದಲ್ಲಿ ವಿಮಾನದ ಡಯಲ್‌ಗಳನ್ನು ಓದಿ, ವಿಮಾನ ಯಾವ ಕಡೆ ವಾಲಿದೆ, ಏರುತ್ತಿದೆಯೋ ಇಳಿಯುತ್ತಿದೆಯೋ ಹೇಳಬೇಕಿತ್ತು. ಇನ್ನೊಂದರಲ್ಲಿ ಪರದೆಯ ಮೇಲೆ ಓಡಾಡುವ ಬೆಳಕಿನ ಚುಕ್ಕೆಯನ್ನು ಕೈಯ ಸ್ಟಿಕ್ ಮತ್ತು ಕಾಲಿನ ಪೆಡಲ್ ಬಳಸಿ ನಡುವಿನ ಚೌಕದೊಳಗೇ ಹಿಡಿದಿಡಬೇಕಿತ್ತು. ಅದರ ಮಧ್ಯೆ ದೀಪ ಹತ್ತುತ್ತಿತ್ತು, ಸದ್ದು ಬರುತ್ತಿತ್ತು. ಎಡಗೈಯಿಂದ ಅವನ್ನು ಆರಿಸಬೇಕಿತ್ತು, ಚುಕ್ಕೆಯೂ ಜಾರಬಾರದಿತ್ತು.

ಒಂದೇ ಅವಕಾಶದ ನಿಯಮಕ್ಕೆ ಗಟ್ಟಿ ಕಾರಣವಿದೆ. ಇಲ್ಲಿ ಅಳೆಯುವುದು ಸಹಜ ಸಾಮರ್ಥ್ಯವನ್ನು. ನಾಲ್ಕು ಸಲ ಕೂತವನ ಕೈ ಪಳಗಿರುತ್ತದೆ, ಆಗ ಅಳತೆಯೇ ಸುಳ್ಳಾಗುತ್ತದೆ. ನಿಯಮ ಸರಿ. ಆದರೆ ಅದು ಎಲ್ಲರಿಗೂ ಸಮನಾಗಿ ತಟ್ಟುವುದಿಲ್ಲ. ಸೈನಿಕ ಶಾಲೆಯಲ್ಲಿ ಓದಿದ ಹುಡುಗನಿಗೆ ಹಿರಿಯರಿಂದ ಎಲ್ಲವೂ ಮೊದಲೇ ಗೊತ್ತಿರುತ್ತದೆ. ಹರಿಹರದಿಂದ ರೈಲು ಹತ್ತಿ ಬಂದ ಹುಡುಗಿಗೆ ಒಂದೇ ಅವಕಾಶ ಎನ್ನುವುದು ಮೈಸೂರಿಗೆ ಬಂದ ಮೇಲೆ ತಿಳಿದರೆ ಅದು ಯಾರ ತಪ್ಪು?

ಮೊಬೈಲ್ ಆ್ಯಪ್‌ಗಳಲ್ಲಿ ಅಣಕು ಪರೀಕ್ಷೆ ಬರೆಸುವ ಕೋಚಿಂಗ್‌ನ ಲಾಭ ಸೀಮಿತ. ಡಯಲ್ ಓದುವುದು ಅದರಿಂದ ಬಂದೀತು, ಕೈಕಾಲುಗಳ ಹೊಂದಾಣಿಕೆ ಬರುವುದಿಲ್ಲ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್‌ನ ಲೇತ್‌ಗಳನ್ನು ಬಲ್ಲ ಊರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟರ್ನರ್ ಎಷ್ಟು ಕಲಿತಿದ್ದಾನೆ ಎಂಬುದು ಅವನು ಕಡೆದ ತುಂಡಿಗೆ ಮೈಕ್ರೋಮೀಟರ್ ಹಿಡಿದಾಗ ಗೊತ್ತಾಗುತ್ತದೆಯೇ ಹೊರತು ಪುಸ್ತಕದ ಪಾಠ ಒಪ್ಪಿಸಿದಾಗ ಅಲ್ಲ.

ಆಯ್ಕೆಯಾದ ಮೇಲೆ, ಹೈದರಾಬಾದ್ ಬಳಿಯ ದುಂಡಿಗಲ್‌ನ ವಾಯುಪಡೆ ಅಕಾಡೆಮಿಯಲ್ಲಿ ಪಿಲೇಟಸ್ ಪಿಸಿ-7 ವಿಮಾನದ ಮೇಲೆ ನಿಜವಾದ ಹಾರಾಟ ಶುರುವಾಗುತ್ತದೆ. ಒಂಟಿಯಾಗಿ ಹಾರುವ ಮುನ್ನ ಒಂದು ಚೆಕ್, ಆಮೇಲೆ ಹಂತಹಂತಕ್ಕೂ ಚೆಕ್. ಇದಕ್ಕೆ ಜಗತ್ತಿನಾದ್ಯಂತ ತರಬೇತಾರ್ಥಿಗಳು ನಂಬಿರುವ ಉಪಾಯ ಚೇರ್ ಫ್ಲೈಯಿಂಗ್. ಗೋಡೆಗೆ ಕಾಕ್‌ಪಿಟ್ ಚಿತ್ರ ಅಂಟಿಸಿ, ಕುರ್ಚಿಯಲ್ಲಿ ಕೂತು, ಕೈಯಲ್ಲಿ ಸ್ಟಿಕ್ ಇದೆ ಎಂದುಕೊಂಡು ಇಡೀ ಹಾರಾಟವನ್ನು ಬಾಯಿಬಿಟ್ಟು ಹೇಳುತ್ತಾ ಮಾಡುವುದು: ವೇಗ ನೋಡು, ಚಕ್ರ ಇಳಿಸು, ಮೂರು ಹಸಿರು ದೀಪ ಹತ್ತಿದೆಯೇ ನೋಡು, ಫ್ಲಾಪ್ ಹಾಕು, ರೇಡಿಯೋದಲ್ಲಿ ಕರೆ ಕೊಡು. ಒಂದು ಪೈಸೆ ಖರ್ಚಿಲ್ಲ. ಮೇಲೆ ಹೋದಾಗ ಕೈ ತಾನಾಗಿ ಸರಿಯಾದ ಸ್ವಿಚ್ಚಿಗೆ ಹೋಗುತ್ತದೆ, ತಲೆ ಹೊರಗೆ ನೋಡಲು ಬಿಡುವಾಗುತ್ತದೆ. ತಯಾರಿಯ ಅಷ್ಟೂ ವಿಧಾನಗಳಲ್ಲಿ ಇದಕ್ಕೇ ಮೊದಲ ಸ್ಥಾನ ಕೊಡಬೇಕು.

ಅದರ ದೌರ್ಬಲ್ಯವೂ ಅಲ್ಲೇ ಇದೆ. ಕುರ್ಚಿ ಅಲುಗುವುದಿಲ್ಲ, ಅಡ್ಡಗಾಳಿ ಬೀಸುವುದಿಲ್ಲ. ಹೀಗಾಗಿ ಕಲಿಯುವವರು ಏನೂ ಎಡವಟ್ಟಾಗದ ಹಾರಾಟವನ್ನೇ ನೂರು ಸಲ ಅಭ್ಯಾಸ ಮಾಡುತ್ತಾರೆ. ಪರೀಕ್ಷಕ ಹಾಗೆ ಬಿಡುವುದಿಲ್ಲ. ಥ್ರಾಟಲ್ ಹಿಂದಕ್ಕೆಳೆದು ಎಂಜಿನ್ ನಿಂತಿದೆ ಎನ್ನುತ್ತಾನೆ. ಆಗ ಮೂತಿ ತಗ್ಗಿಸಿ ತೇಲುವ ವೇಗ ಹಿಡಿಯಬೇಕು, ಇಳಿಯುವ ಜಾಗ ಆರಿಸಬೇಕು, ಮತ್ತೆ ಸ್ಟಾರ್ಟ್ ಮಾಡಲು ನೋಡಬೇಕು, ಮೇಡೇ ಕರೆ ಕೊಡಬೇಕು, ಎಲ್ಲವೂ ಇದೇ ಕ್ರಮದಲ್ಲಿ. ಕ್ರಮ ಬಾಯಿಪಾಠವಾಗಿದ್ದರೆ ಸಾಲದು, ಯಾವ ಹೊಲ ಎಂಬ ನಿರ್ಧಾರ ಅಲ್ಲೇ ಹುಟ್ಟಬೇಕು. ಜೊತೆಗಾರನೊಬ್ಬ ಪಕ್ಕದಲ್ಲಿ ಕೂತು ನಡುನಡುವೆ ಗಂಡಾಂತರ ಒಡ್ಡುತ್ತಿದ್ದರೆ ಮಾತ್ರ ಚೇರ್ ಫ್ಲೈಯಿಂಗ್ ಪೂರ್ಣ ತಯಾರಿಯಾದೀತು.

ಅಭ್ಯರ್ಥಿಯನ್ನು ಇಷ್ಟು ಕಟ್ಟುನಿಟ್ಟಾಗಿ ತೂಗುವ ವ್ಯವಸ್ಥೆ ತನ್ನ ತಯಾರಿಯಲ್ಲಿ ಎಷ್ಟೋ ವರ್ಷ ಹಿಂದುಳಿದಿತ್ತು ಎಂಬುದನ್ನು ಮರೆಮಾಚುವಂತಿಲ್ಲ. ಅಡ್ವಾನ್ಸ್ಡ್ ಜೆಟ್ ತರಬೇತಿ ವಿಮಾನ ಬೇಕೆಂದು ಲಾ ಫಾಂಟೇನ್ ಸಮಿತಿ ಹೇಳಿದ್ದು 1982ರಲ್ಲಿ. ಹಾಕ್ ವಿಮಾನ ಬೀದರ್‌ಗೆ ಸೇರ್ಪಡೆಯಾದದ್ದು 2008ರಲ್ಲಿ. ಈ 26 ವರ್ಷ ಎಳೆಯ ಪೈಲಟ್‌ಗಳು ನಡುವಿನ ಮೆಟ್ಟಿಲಿಲ್ಲದೆ ಮಿಗ್-21ರಂಥ ವೇಗದ ವಿಮಾನಕ್ಕೆ ಏರಿದರು. 2009ರಲ್ಲಿ ಅಪಘಾತಗಳ ಕಾರಣಕ್ಕೆ ಎಚ್‌ಪಿಟಿ-32 ವಿಮಾನಗಳನ್ನು ನೆಲಕ್ಕೆ ನಿಲ್ಲಿಸಿದಾಗ, ಮೊದಲ ಪಾಠವನ್ನೂ ಕಿರಣ್ ಜೆಟ್‌ನಲ್ಲೇ ಕಲಿಸಬೇಕಾಯಿತು. ಕಿರಣ್‌ಗಳು ಸಾಲದೆ 2011ರಲ್ಲಿ ಬೀದರ್‌ನ ಸೂರ್ಯಕಿರಣ್ ತಂಡದ ಪ್ರದರ್ಶನವೇ ನಿಂತುಹೋಯಿತು. ಪಿಸಿ-7 ಬಂದದ್ದು 2013ರಲ್ಲಿ. ಆ ವರ್ಷಗಳಲ್ಲಿ ಹಾರಾಟ ಬಿಡಬೇಕಾಗಿ ಬಂದವರಲ್ಲಿ ಎಷ್ಟು ಮಂದಿಯದು ನಿಜವಾಗಿ ಅವರದೇ ಕೊರತೆ? ಕೇಳಲೇಬೇಕಾದ ಪ್ರಶ್ನೆ.

ಇನ್ನು ದಾವಣಗೆರೆಯಲ್ಲೇ ಆಗಬಹುದಾದ ಕೆಲಸ. ಪೈಲಟ್‌ಗೆ ಎತ್ತರ ಕನಿಷ್ಠ 162.5 ಸೆಂ.ಮೀ. ಇರಬೇಕು, ಕಾಲಿನ ಉದ್ದ 99ರಿಂದ 120 ಸೆಂ.ಮೀ. ಒಳಗಿರಬೇಕು, ಬಣ್ಣ ಗುರುತಿಸುವ ದೃಷ್ಟಿಯಲ್ಲಿ ದೋಷವಿರಬಾರದು. ಇವು ಓದಿ ಗೆಲ್ಲುವ ವಿಷಯಗಳಲ್ಲ. ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯ ತನಕ ಹೋಗಿ ಅಲ್ಲಿ ಗೊತ್ತು ಮಾಡಿಕೊಳ್ಳುವ ಅಗತ್ಯವೂ ಇಲ್ಲ. ಟೇಪು ಮನೆಯಲ್ಲೇ ಇದೆ, ಕಣ್ಣಿನ ಡಾಕ್ಟರು ಊರಲ್ಲೇ ಇದ್ದಾರೆ. ಭೌತಶಾಸ್ತ್ರ, ಗಣಿತ ಬಿಟ್ಟು ಬೇರೆ ವಿಷಯ ಆರಿಸುವ ಮೊದಲೇ ಇದೆಲ್ಲ ತಿಳಿದಿರಬೇಕು.

ಚಿಕ್ಕಮಗಳೂರು ಜಿಲ್ಲೆಯ ಮೇಘನಾ ಶಾನಭಾಗ್ 2018ರಲ್ಲಿ ದುಂಡಿಗಲ್‌ನಿಂದ ಫೈಟರ್ ಪೈಲಟ್ ಶ್ರೇಣಿಗೆ ಆಯ್ಕೆಯಾಗಿ ಹೊರಬಂದರು. ಮಧ್ಯ ಕರ್ನಾಟಕದ ಮಕ್ಕಳಿಗೆ ಈ ದಾರಿ ದೂರದ್ದಲ್ಲ. ದಾವಣಗೆರೆ, ಹರಿಹರದ ಪಿಯು ಕಾಲೇಜುಗಳ ಪ್ರಾಂಶುಪಾಲರು, ಎನ್‌ಸಿಸಿ ಅಧಿಕಾರಿಗಳು ಈ ಜೂನ್‌ನಲ್ಲಿ ಹೊಸ ಬ್ಯಾಚ್ ಬಂದ ಮೊದಲ ವಾರದಲ್ಲೇ ಒಂದು ತರಗತಿಯನ್ನು ಇದಕ್ಕೆ ಮೀಸಲಿಡಲಿ. ಮೈಸೂರಿನ ಆ ಪರೀಕ್ಷೆ ಹೇಗಿರುತ್ತದೆ, ಅದಕ್ಕೆ ಎಷ್ಟು ಅವಕಾಶವಿದೆ ಎಂಬುದನ್ನು ಮಕ್ಕಳಿಗೆ ಅವರ ಮೇಷ್ಟ್ರೇ ಹೇಳಲಿ.