ಹಲ್ಲಿಯಾದ ಹಳ್ಳಿ

ಕಲ್ಯಾಣ ನಗರಕ್ಕೆ ಮನೆ ಬದಲಾಯಿಸಿದ ಹೊಸತರಲ್ಲಿ ಊಟ ತರುವ ಹುಡುಗ ಫೋನ್ ಮಾಡಿ, “ಸಾರ್, ಮ್ಯಾಪು ಗೋಡೆ ಮುಂದೆ ನಿಲ್ಲಿಸಿಬಿಟ್ಟಿದೆ” ಅಂದ. “ಮ್ಯಾಪ್ ಬಿಡಪ್ಪ, ಅಲ್ಲೇ ಯಾರನ್ನಾದ್ರೂ ಕೇಳು” ಅಂದೆ. ಎರಡೇ ನಿಮಿಷಕ್ಕೆ ಬಾಗಿಲಲ್ಲಿದ್ದ.

ಅದೇ ನೆಪದಲ್ಲಿ ನಾನೂ ನಕ್ಷೆ ಮಾಡೋದು ಕಲಿಯೋಣ ಅಂತ ಓಪನ್‌ಸ್ಟ್ರೀಟ್‌ಮ್ಯಾಪ್ ತೆರೆದು ಕೂತೆ. 2004ರಲ್ಲಿ ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಶುರುಮಾಡಿದ ಈ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು. ಉಪಗ್ರಹದ ಚಿತ್ರದ ಮೇಲೆ ಗೆರೆ ಎಳೆದರೆ ರಸ್ತೆಯಾಗುತ್ತದೆ. ಕನ್ನಡದ ಹೆಸರಿಗೂ ಪ್ರತ್ಯೇಕ ಜಾಗವಿದೆ. ಮನೆಯಲ್ಲೇ ಕೂತು, ಇಂಗ್ಲಿಷ್ ಹೆಸರು ನೋಡಿಕೊಂಡು ಹೆಣ್ಣೂರು–ಬಾಗಲೂರು ರಸ್ತೆಯ ಒಂದು ಊರಿಗೆ ‘ಕನ್ನೂರು’ ಅಂತ ಬರೆದೆ. ಆಮೇಲೊಂದು ದಿನ ಅಲ್ಲಿಗೆ ಹೋದಾಗ ಅಂಗಡಿಯ ಅಜ್ಜ, “ಕಣ್ಣೂರು ಕಣಪ್ಪ, ಕಣ್ಣೂರು” ಅಂದರು. ನಾಚಿಕೆಯಾಯಿತು.

ಇಂಗ್ಲಿಷ್ ಅಕ್ಷರಕ್ಕೆ ಣ–ನ, ಳ–ಲ ವ್ಯತ್ಯಾಸ ಗೊತ್ತಿಲ್ಲ. ಅದರ ಮೂಲಕ ಕನ್ನಡಕ್ಕೆ ವಾಪಸು ಬಂದ ಹಳ್ಳಿ ಹಲ್ಲಿಯಾಗುತ್ತದೆ. ಬಾಣಸವಾಡಿ ಅಂದರೆ ನಮಗೆ ಬಾಣಸಿಗ ನೆನಪಾಗುತ್ತಾನೆ. ‘ಬಾನಸವಾಡಿ’ ಅಂದರೆ ಏನೂ ನೆನಪಾಗುವುದಿಲ್ಲ.

ತಮಾಷೆ ಅಂದ್ರೆ, ಇದೇ ಕಣ್ಣೂರಿಗೆ ನಕ್ಷೆಯ ಚರಿತ್ರೆಯಲ್ಲಿ ದೊಡ್ಡ ಜಾಗವಿದೆ. ನೆಲದ ಮೇಲೆ ಒಂದು ಗೆರೆಯನ್ನು ಬಹಳ ಎಚ್ಚರದಿಂದ ಅಳೆದು, ಅದರ ತುದಿಗಳಿಂದ ಕೋನಗಳನ್ನು ನೋಡುತ್ತಾ ತ್ರಿಕೋನಕ್ಕೆ ತ್ರಿಕೋನ ಜೋಡಿಸಿ ಇಡೀ ದೇಶವನ್ನು ಅಳೆದದ್ದು ತ್ರಿಕೋನಮಿತಿ ಸರ್ವೆ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನಲ್ಲಿ ಶುರುಮಾಡುವ ಮೊದಲೇ, 1800ರಲ್ಲಿ, ಬೆಂಗಳೂರಿನಲ್ಲಿ ಇಂಥ ಗೆರೆಯೊಂದನ್ನು ಅಳೆದಿದ್ದ. 1868ರಲ್ಲಿ ಮತ್ತೆ ಇಲ್ಲಿ ಅಳೆದ ಸುಮಾರು 11 ಕಿ.ಮೀ. ಗೆರೆಯ ಒಂದು ತುದಿ ಈಗಿನ ಮೇಖ್ರಿ ವೃತ್ತದ ಬಳಿ, ಇನ್ನೊಂದು ಕಣ್ಣೂರಿನಲ್ಲಿ. ಅಲ್ಲಿದ್ದ ಪುಟ್ಟ ಕಟ್ಟಡ 2024ರಲ್ಲಿ ನೆಲಸಮವಾಯಿತು.

ಲ್ಯಾಂಬ್ಟನ್ ಕೋನ ನೋಡುತ್ತಿದ್ದ ಕಾಲದಲ್ಲೇ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆ ಮಾಡುತ್ತಿದ್ದ. ಅವನ ಜೊತೆ ಕಾವಲಿ ವೆಂಕಟ ಬೋರಯ್ಯನಂಥ ನಮ್ಮವರಿದ್ದರು. ಇವರು ಊರೂರಿಗೆ ಹೋಗಿ, ಹಿರಿಯರನ್ನು ಕೇಳಿ, ಶಾಸನ, ಕೈಫಿಯತ್ತು, ಕತೆಗಳನ್ನು ಕೂಡಿಹಾಕಿದರು. ಟಿಪ್ಪು ಸತ್ತಮೇಲೆ ಕೈಗೆ ಬಂದ ನಾಡನ್ನು ಅರಿತು ಆಳುವುದಕ್ಕೇ ಕಂಪನಿಗೆ ಇದೆಲ್ಲ ಬೇಕಾಗಿತ್ತು, ಊರಿನ ಮೇಲಿನ ಪ್ರೀತಿಯಿಂದಲ್ಲ. ಆದರೂ ಅಳೆಯಲು ಹೋದವರು ಕೇಳಿಯೂ ಬಂದರು.

ಇವತ್ತಿನ ಡಿಜಿಟಲ್ ನಕ್ಷೆಗಳ ಬಗ್ಗೆ ನನ್ನ ತಕರಾರು ಇಷ್ಟೇ. ಅವು ಲ್ಯಾಂಬ್ಟನ್‌ನಿಂದ ಅಳತೆ ಕಲಿತವು, ಬೋರಯ್ಯನಿಂದ ಕೇಳುವುದನ್ನು ಕಲಿಯಲಿಲ್ಲ. ವ್ಯಾಪಾರದ ಮ್ಯಾಪಿಗೆ ಗಿರಾಕಿ ಅಂಗಡಿ ಮುಟ್ಟಿದರೆ ಸಾಕು, ಹೆಸರು ಹೇಗಿದ್ದರೇನು? ಎಲ್ಲರದ್ದು ಅನ್ನುವ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲೂ ನನ್ನಂಥವರು ಕುರ್ಚಿ ಬಿಟ್ಟೇಳದೆ ಊರುಗಳಿಗೆ ನಾಮಕರಣ ಮಾಡುತ್ತೇವೆ. ಕೆಲವು ಮೀಟರ್ ತಪ್ಪಿದ ರಸ್ತೆಯನ್ನು ನಾಳೆ ಇನ್ನೊಂದು ಉಪಗ್ರಹ ಸರಿಮಾಡೀತು. ತಪ್ಪಿದ ಹೆಸರನ್ನು ಯಾವ ಉಪಗ್ರಹವೂ ಸರಿಮಾಡದು. ಆ ಅಜ್ಜನಂಥವರು ಇರುವಾಗಲೇ ಹೋಗಿ ಕೇಳಬೇಕು.

ಮನೆಗೆ ಬಂದು ಮೊದಲು ಮಾಡಿದ ಕೆಲಸ: ‘ನ್ನೂ’ ಅಳಿಸಿ ‘ಣ್ಣೂ’ ಬರೆದೆ. ನಿಮ್ಮೂರಿನ ಹೆಸರು ಮ್ಯಾಪಿನಲ್ಲಿ ಹೇಗಿದೆ? ಒಮ್ಮೆ ನೋಡಿ.