ವಿಲ್ಲಿಸರ ಗ್ರಂಥದಲ್ಲಿ ಕಾಣದ ಹುಡುಗಿಯರು

ಇಂಗ್ಲೆಂಡಿನಲ್ಲಿ ಕಡ್ಡಾಯ ಶಿಕ್ಷಣದ ವಯೋಮಿತಿಯು 1972ರಲ್ಲಿ 15ರಿಂದ 16ಕ್ಕೆ ಏರಿತು. ಶಾಲೆ ಬಿಡಲು ದಿನವೆಣಿಸುತ್ತಿದ್ದ ಕಾರ್ಮಿಕರ ಮಕ್ಕಳು ಇನ್ನೂ ಒಂದು ವರ್ಷ ಬೆಂಚಿನ ಮೇಲೆ ಕೂಡಬೇಕಾಯಿತು. ಆ ಕಾಲದಲ್ಲಿಯೇ ಪಾಲ್ ವಿಲ್ಲಿಸ್ ಅವರು ಒಂದು ಕೈಗಾರಿಕಾ ಪಟ್ಟಣದ 12 ಮಂದಿ ಹುಡುಗರೊಡನೆ ಬೆರೆತು ‘ಲರ್ನಿಂಗ್ ಟು ಲೇಬರ್’ (1977) ಗ್ರಂಥವನ್ನು ರಚಿಸಿದರು. ಉಪಾಧ್ಯಾಯರನ್ನು ಗೇಲಿಮಾಡಿ, ವಿಧೇಯ ಸಹಪಾಠಿಗಳನ್ನು ಹೀಗಳೆದು, ತಾವು ಗೆದ್ದೆವೆಂದುಕೊಂಡ ಆ ಹುಡುಗರು ತಮ್ಮ ಪ್ರತಿಭಟನೆಯ ಮೂಲಕವೇ ತಂದೆಯರ ಕಾರ್ಖಾನೆಯ ದುಡಿಮೆಯನ್ನು ವರಿಸಿದರೆಂಬ ಅವರ ವಾದವು ಇಂದಿಗೂ ಮಾರ್ಮಿಕವಾಗಿದೆ.

ಆದರೆ ಉಪಶೀರ್ಷಿಕೆಯು ‘ಮಕ್ಕಳು’ ಎನ್ನುತ್ತದೆ, ಒಳಗಿರುವವರು ಹುಡುಗರು. ಅದೇ ವರ್ಗದ ಹುಡುಗಿಯರು ಹೆಚ್ಚಾಗಿ ಹುಡುಗರ ಮಾತಿನಲ್ಲಿ ಮಾತ್ರ ಸುಳಿಯುತ್ತಾರೆ. ಬರ್ಮಿಂಗ್‌ಹ್ಯಾಮಿನ ಅದೇ ಸಂಶೋಧನ ಕೇಂದ್ರದ ಆಂಜೆಲಾ ಮೆಕ್‌ರಾಬಿ ಅವರು 1978ರ ಪ್ರಬಂಧದಲ್ಲಿ ವರ್ಣಿಸಿದ ಹುಡುಗಿಯರಿಗೂ ಶಾಲೆಯು ಒಗ್ಗಿರಲಿಲ್ಲ. ಆದರೆ ಗೆಳತಿಯೊಡನೆ ಹರಟೆ, ಅಲಂಕಾರ, ಪ್ರಣಯ ವಿವಾಹಗಳ ಚಿಂತೆ, ಇವೇ ಅವರ ಅಸಹಕಾರ. ಫಲವೂ ಅಷ್ಟೇ ಕ್ರೂರ: ಹುಡುಗನನ್ನು ಕಾರ್ಖಾನೆಗೆ ಒಯ್ದಂತೆ ಅದು ಹುಡುಗಿಯನ್ನು ಸಂಬಳವಿಲ್ಲದ ಮನೆಗೆಲಸಕ್ಕೆ ಒಯ್ದಿತು.

ಚರಿತ್ರೆಯನ್ನು ಬೋಧಿಸುವವನಿಗೆ ಇದು ಮೂಲತಃ ಆಧಾರಗಳ ಪ್ರಶ್ನೆ. ಕಿಟಕಿಯ ಗಾಜನ್ನು ಒಡೆದವನ ಹೆಸರು ಶಿಕ್ಷೆಯ ದಾಖಲೆಗೆ ಸೇರುತ್ತದೆ. ಪುಸ್ತಕವನ್ನು ತೆರೆದಿಟ್ಟು ಮನಸ್ಸನ್ನು ಮುಚ್ಚಿಕೊಂಡವಳ ಹೆಸರು ಹಾಜರಿ ಪುಸ್ತಕವನ್ನು ದಾಟುವುದಿಲ್ಲ. ಗದ್ದಲವನ್ನೇ ಅಳತೆಗೋಲಾಗಿ ಹಿಡಿದ ಸಂಶೋಧಕನಿಗೆ ಆಕೆ ತೃಪ್ತಳಂತೆಯೇ ಕಾಣುವಳು. ಮೆಕ್‌ರಾಬಿ ಅವರ ಪ್ರಬಂಧವೂ ಈ ದೋಷದಿಂದ ಪೂರ್ಣ ಮುಕ್ತವಲ್ಲ. ಅವರು ಹುಡುಗಿಯರನ್ನು ಕಂಡದ್ದು ಯುವಜನರ ಕೂಟವೊಂದರಲ್ಲಿ. ಸಂಜೆ ಅಲ್ಲಿಗೂ ಬಾರದೆ ಮನೆಯಲ್ಲಿ ತಮ್ಮಂದಿರನ್ನು ನೋಡಿಕೊಂಡಿದ್ದವಳು ಅವರಿಗೂ ಸಿಕ್ಕಿರಲಾರಳು.